ಕೊನೆ ಗೊತ್ತಿದ್ದೂ ನೋಡಿದ ಕುಣಿತ: ‘ಸ್ಟೆಪ್ ಅಪ್’ ಮತ್ತು ಅದರ ನೋಡುಗರು

‘ಸ್ಟೆಪ್ ಅಪ್’ ಎಂಬ ಹಾಲಿವುಡ್ ನೃತ್ಯ ಚಿತ್ರದ ಕಥೆಯನ್ನು ಯಾರಿಗಾದರೂ ಹೇಳಲು ಹೊರಟರೆ ಅರ್ಧಕ್ಕೆ ಬರುವಷ್ಟರಲ್ಲಿ ಕೇಳುವವರೇ ಉಳಿದದ್ದನ್ನು ಹೇಳಿ ಮುಗಿಸುತ್ತಾರೆ. ಅಮೆರಿಕದ ಬಾಲ್ಟಿಮೋರ್ ನಗರ. ಸಾಕುಮನೆಯಲ್ಲಿ ಬೆಳೆದ ಟೈಲರ್ ಎಂಬ ಹುಡುಗ ಗೆಳೆಯರ ಜೊತೆ ಕಲಾಶಾಲೆಯೊಂದರ ರಂಗಮಂದಿರಕ್ಕೆ ನುಗ್ಗಿ ಸಾಮಾನು ಒಡೆದು ಹಾಕುತ್ತಾನೆ. ಗೆಳೆಯರನ್ನು ಓಡಿಹೋಗಲು ಬಿಟ್ಟು ತಾನೊಬ್ಬನೇ ಸಿಕ್ಕಿಬೀಳುತ್ತಾನೆ. ಶಿಕ್ಷೆ ಅದೇ ಶಾಲೆಯಲ್ಲಿ 200 ಗಂಟೆಗಳ ಸೇವೆ, ಅಂದರೆ ನೆಲ ಒರೆಸುವ ಕೆಲಸ. ಅಲ್ಲಿ ನೋರಾ ಇದ್ದಾಳೆ. ಬ್ಯಾಲೆ ಎಂಬ ಪಾಶ್ಚಾತ್ಯ ಶಾಸ್ತ್ರೀಯ ನೃತ್ಯ ಕಲಿತವಳು, ಕೊನೆಯ ವರ್ಷದ ಪ್ರದರ್ಶನಕ್ಕೆ ತಯಾರಾಗುತ್ತಿರುವವಳು. ಅವಳ ಜೊತೆಗಾರನ ಕಾಲು ಉಳುಕುತ್ತದೆ. ಮುಂದಿನದನ್ನು ಬರೆಯಬೇಕಾಗಿಲ್ಲ.

ಈ ಚಿತ್ರವನ್ನೇ ಪ್ರಕರಣವಾಗಿ ಎತ್ತಿಕೊಂಡದ್ದಕ್ಕೆ ಕಾರಣವಿದೆ. ‘ಎಲ್ಲ ಮೊದಲೇ ಗೊತ್ತಾಗುತ್ತದೆ’ ಎಂಬ ಮಾತು ಇದನ್ನು ತೆಗಳಿದವರ ಬಾಯಲ್ಲೂ ಇದೆ, ಹತ್ತು ಸಲ ನೋಡಿದವರ ಬಾಯಲ್ಲೂ ಇದೆ. ಒಂದೇ ಮಾತು ಎರಡು ವಿರುದ್ಧ ತೀರ್ಪುಗಳಿಗೆ ಆಧಾರವಾದರೆ ಆ ಮಾತಿನೊಳಗೆ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ ಎಂದೇ ಅರ್ಥ. ಅವನ್ನು ಬಿಡಿಸಿ ನೋಡುವುದು ಇಲ್ಲಿನ ಕೆಲಸ.

ಅಂಕಿಗಳು ಏನನ್ನು ಅಳೆಯುತ್ತವೆ

ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾದದ್ದು 2006ರ ಆಗಸ್ಟ್ 11ರಂದು. ವೆಚ್ಚ ಸುಮಾರು 1.2 ಕೋಟಿ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಇದು ಚಿಲ್ಲರೆ. ಮೊದಲ ವಾರಾಂತ್ಯದ ಮೂರು ದಿನಗಳಲ್ಲೇ 2 ಕೋಟಿ ಡಾಲರ್ ದಾಟಿತು. ಅಮೆರಿಕದ ಒಟ್ಟು ಗಳಿಕೆ ಸುಮಾರು 6.5 ಕೋಟಿ, ಜಗತ್ತಿನಾದ್ಯಂತ 11 ಕೋಟಿಗೂ ಹೆಚ್ಚು.

ಇಲ್ಲಿ ಗಮನಿಸಬೇಕಾದದ್ದು ಒಟ್ಟು ಮೊತ್ತಕ್ಕಿಂತ ಅನುಪಾತ. ಅಮೆರಿಕದ ಒಟ್ಟು ಗಳಿಕೆಯನ್ನು ಮೊದಲ ವಾರಾಂತ್ಯದ ಗಳಿಕೆಯಿಂದ ಭಾಗಿಸಿದರೆ ಮೂರಕ್ಕಿಂತ ತುಸು ಹೆಚ್ಚು ಬರುತ್ತದೆ. ಹದಿಹರೆಯದವರ ಚಿತ್ರಗಳಿಗೆ ಮೊದಲ ಮೂರು ದಿನ ನೂಕುನುಗ್ಗಲಾಗಿ ಆಮೇಲೆ ದಬಕ್ಕನೆ ಬೀಳುವ ಚಾಳಿ ಇದೆ. ಮೂರರ ಮೇಲೆ ನಿಂತಿತು ಎಂದರೆ ನೋಡಿದವರು ಇನ್ನೊಬ್ಬರಿಗೆ ಹೇಳಿದ್ದಾರೆ. ಆಗಸ್ಟ್ ಅಂದರೆ ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ, ವಾರದ ನಡುವಿನ ದಿನಗಳಲ್ಲೂ ಹುಡುಗ ಹುಡುಗಿಯರು ಚಿತ್ರಮಂದಿರಕ್ಕೆ ಬರುತ್ತಾರೆ. ಹಾಗಾಗಿ ಎಲ್ಲ ಕೀರ್ತಿಯನ್ನೂ ಬಾಯಿಮಾತಿಗೇ ಕಟ್ಟುವಂತಿಲ್ಲ. ಆದರೂ ನೋಡಿ ಬೈದುಕೊಂಡು ಹೊರಬಂದವರ ಚಿತ್ರ ಹೀಗೆ ಓಡುವುದಿಲ್ಲ.

ವಿಮರ್ಶಕರ ಕಡೆ ಚಿತ್ರ ಬೇರೆಯಾಗಿ ಕಾಣುತ್ತದೆ. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನ ಲೆಕ್ಕದಲ್ಲಿ ಮೆಚ್ಚಿದವರು ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಅಂತಹದೇ ಇನ್ನೊಂದು ತಾಣ ಮೆಟಾಕ್ರಿಟಿಕ್‌ನಲ್ಲಿ ಮಾತ್ರ ನೂರಕ್ಕೆ ಐವತ್ತರ ಹತ್ತಿರ ಹತ್ತಿರ. ಸಿನಿಮಾ ಜಾಲತಾಣ ಐಎಂಡಿಬಿಯಲ್ಲಿ ಸಾಮಾನ್ಯ ನೋಡುಗರು ಹತ್ತಕ್ಕೆ ಆರೂವರೆಯ ಆಸುಪಾಸು ಕೊಟ್ಟಿದ್ದಾರೆ. ಮೂರೂ ಒಂದನ್ನೊಂದು ಸುಳ್ಳು ಮಾಡುವಂತೆ ಕಂಡರೂ ಹಾಗಿಲ್ಲ. ಮೊದಲನೆಯದು ತಲೆ ಎಣಿಕೆ: ‘ಪರವಾಗಿಲ್ಲ, ಹೊಸದೇನಿಲ್ಲ’ ಎಂದ ವಿಮರ್ಶೆಯೂ ‘ನೋಡಲೇಬೇಡಿ’ ಎಂದ ವಿಮರ್ಶೆಯೂ ಅಲ್ಲಿ ಒಂದೇ ಬುಟ್ಟಿಗೆ ಬೀಳುತ್ತವೆ. ಎರಡನೆಯದು ಅಂಕಗಳ ಸರಾಸರಿ. ಇವೆರಡರ ನಡುವಿನ ಅಂತರವೇ ಈ ಪ್ರಕರಣದ ಮೊದಲ ಸುಳಿವು. ಹೆಚ್ಚಿನ ವಿಮರ್ಶಕರು ಚಿತ್ರವನ್ನು ದ್ವೇಷಿಸಲಿಲ್ಲ. ಭುಜ ಕುಣಿಸಿ ಎದ್ದುಹೋದರು. ಇಪ್ಪತ್ತು ಎಂಬ ಅಂಕಿಯನ್ನಷ್ಟೇ ನೋಡಿ ‘ಜನ ಉಗಿದ ಚಿತ್ರ’ ಎಂದು ಬರೆಯುವವರು ಎಡವುವುದು ಇಲ್ಲೇ.

‘ಗೊತ್ತಿತ್ತು’ ಎನ್ನುವುದರಲ್ಲಿ ಮೂರು ಬಗೆ

ನೋಡುಗರು ಬರೆದ ಅಭಿಪ್ರಾಯಗಳನ್ನು ಸಾಲಾಗಿ ಇಟ್ಟುಕೊಂಡು ಓದಿದರೆ ‘ಗೊತ್ತಿತ್ತು’ ಎಂಬ ದೂರು ಮೂರು ಕಡೆ ಬೆರಳು ತೋರಿಸುತ್ತದೆ.

ಒಂದು, ಕೊನೆ ಗೊತ್ತಿತ್ತು. ಇಬ್ಬರೂ ಒಂದಾಗುತ್ತಾರೆ, ವೇದಿಕೆಯ ಮೇಲೆ ಕುಣಿಯುತ್ತಾರೆ, ಸಭೆ ಎದ್ದು ಚಪ್ಪಾಳೆ ತಟ್ಟುತ್ತದೆ. ಇದನ್ನು ದೂರಾಗಿ ಬರೆದವರೂ ನಿಜಕ್ಕೂ ಬೇರೆ ಕೊನೆ ಬಯಸಿರುವುದಿಲ್ಲ. ಭಿತ್ತಿಚಿತ್ರದಲ್ಲೇ ಇಬ್ಬರನ್ನೂ ಜೋಡಿಯಾಗಿ ನಿಲ್ಲಿಸಿದ ಚಿತ್ರವಿದು. ಕರ್ಣಪರ್ವದ ಆಟಕ್ಕೆ ಕೂತವರಿಗೆ ಕರ್ಣ ಸಾಯುತ್ತಾನೆಂದು ಗೊತ್ತಿರುತ್ತದೆ. ಬೆಳಗಿನ ಜಾವದ ತನಕ ಕೂರುವುದು ಪಾತ್ರಧಾರಿ ಅಲ್ಲಿಗೆ ಹೇಗೆ ಮುಟ್ಟುತ್ತಾನೆ ಎಂದು ನೋಡಲು. ಈ ಬಗೆಯ ದೂರನ್ನು ಲೆಕ್ಕದಿಂದ ತೆಗೆದುಬಿಡಬಹುದು.

ಎರಡು, ದಾರಿ ಗೊತ್ತಿತ್ತು. ನೋರಾಳ ಗೆಳೆಯ ಬ್ರೆಟ್ ತನ್ನ ಸಂಗೀತದ ಒಪ್ಪಂದಕ್ಕಾಗಿ ಜೊತೆಗಾರ ಮೈಲ್ಸ್‌ಗೆ ಕೈಕೊಡುತ್ತಾನೆ, ನೋರಾ ಅವನನ್ನು ಬಿಡುತ್ತಾಳೆ. ಈ ತಿರುವು ಯಾಕೆ ಬಂತೆಂದರೆ ನಾಯಕಿ ಇನ್ನೊಬ್ಬನನ್ನು ಮೆಚ್ಚುವ ಮೊದಲು ಹಳಬ ಕೆಟ್ಟವನಾಗಿರಬೇಕು, ಅಷ್ಟೇ. ಬ್ರೆಟ್ ಬಾಯಿ ತೆರೆದ ಮೊದಲ ದೃಶ್ಯದಲ್ಲೇ ಅವನ ಗತಿ ಏನೆಂದು ನೋಡುಗರಿಗೆ ತಿಳಿಯುತ್ತದೆ. ಈ ದೂರು ನ್ಯಾಯವಾದದ್ದು. ಒಳ್ಳೆಯ ಹುಡುಗನೊಬ್ಬನನ್ನು ಬಿಟ್ಟು ಬರುವ ಕಷ್ಟವನ್ನು ನೋರಾಳಿಗೆ ಕೊಟ್ಟಿದ್ದರೆ ಕೊನೆ ಅದೇ ಇದ್ದೂ ದಾರಿ ಬೇರೆಯಾಗುತ್ತಿತ್ತು.

ಮೂರು, ಮಾತು ಗೊತ್ತಿತ್ತು. ಪಾತ್ರ ಹೇಳುವ ಮೊದಲೇ ಸಂಭಾಷಣೆಯನ್ನು ನೋಡುಗರು ಹೇಳುವಂತಾದರೆ ಅದು ಬರವಣಿಗೆಯ ಸೋಲು. ‘ನೀನು ಎಲ್ಲವನ್ನೂ ಅರ್ಧಕ್ಕೆ ಬಿಡುವವನು’ ಎಂಬ ಧಾಟಿಯ ಆಪಾದನೆ, ಸಂಸ್ಥೆಯ ಮುಖ್ಯಸ್ಥೆಯ ಬಿಗುಮಾತು, ಮಗಳು ನೃತ್ಯ ಬಿಟ್ಟು ಕಾಲೇಜಿಗೆ ಹೋಗಲಿ ಎನ್ನುವ ತಾಯಿ. ಚಿತ್ರಕ್ಕೆ ಅತಿ ಹೆಚ್ಚು ಪೆಟ್ಟು ಕೊಟ್ಟದ್ದು ಇದೇ. ಆದರೆ ಅಭಿಪ್ರಾಯ ಬರೆಯುವವರು ಇದನ್ನು ಹೆಸರಿಸಿ ಹೇಳುವುದು ಅಪರೂಪ. ‘ಕಥೆ ಗೊತ್ತಿದ್ದದ್ದೇ’ ಎಂದು ಕಥೆಯ ತಲೆಗೆ ಕಟ್ಟಿ ಸುಮ್ಮನಾಗುತ್ತಾರೆ.

ಚಿತ್ರಕಥೆಯನ್ನು ಬರೆದವರಲ್ಲಿ ಒಬ್ಬರು ಡ್ವೇನ್ ಆಡ್ಲರ್. 2001ರ ‘ಸೇವ್ ದಿ ಲಾಸ್ಟ್ ಡ್ಯಾನ್ಸ್’ ಕೂಡ ಅವರದೇ ಕಥೆ. ಅಲ್ಲಿ ಬ್ಯಾಲೆ ಹುಡುಗಿ, ಬೀದಿ ಕುಣಿತವಾದ ಹಿಪ್‌ಹಾಪ್ ಕಲಿಸುವ ಹುಡುಗ, ಪ್ರವೇಶ ಪರೀಕ್ಷೆಯ ಕುಣಿತ. ಇಲ್ಲಿ ಬ್ಯಾಲೆ ಹುಡುಗಿ, ಹಿಪ್‌ಹಾಪ್ ಹುಡುಗ, ವರ್ಷಾಂತ್ಯದ ಕುಣಿತ. ಐದು ವರ್ಷದ ಹಿಂದೆ ಅದನ್ನು ನೋಡಿದ್ದವರಿಗೆ ಇದು ಹಳೇ ಸೀರೆಗೆ ಹೊಸ ಅಂಚು ಹಚ್ಚಿದಂತೆ ಕಂಡರೆ ಆಶ್ಚರ್ಯವಿಲ್ಲ. 2006ರಲ್ಲಿ ಹದಿಮೂರು ವರ್ಷದವರಿಗೆ ಮಾತ್ರ ಇದೇ ಮೊದಲ ಸೀರೆ. ಅಭಿಪ್ರಾಯ ಬರೆದವರ ವಯಸ್ಸು ಗೊತ್ತಾದರೆ ಅರ್ಧ ಭಿನ್ನಮತ ಅಲ್ಲೇ ಬಗೆಹರಿಯುತ್ತದೆ.

ಯಾರೂ ನಿರೀಕ್ಷಿಸದಿದ್ದದ್ದು, ಯಾರಿಗೂ ಹಿಡಿಸದಿದ್ದದ್ದು

ಇಷ್ಟು ಸಲೀಸಾದ ಕಥೆಯಲ್ಲಿ ಒಂದೇ ಒಂದು ಘಟನೆ ನೋಡುಗರನ್ನು ಬೆಚ್ಚಿಬೀಳಿಸುತ್ತದೆ: ಸ್ಕಿನ್ನಿಯ ಸಾವು. ಟೈಲರ್‌ನ ಗೆಳೆಯ ಮ್ಯಾಕ್, ಮ್ಯಾಕ್‌ನ ತಮ್ಮ ಸ್ಕಿನ್ನಿ. ದೊಡ್ಡವರ ಜೊತೆ ಸೇರಲು ಹಾತೊರೆಯುವ, ಪ್ರತಿ ಸಲವೂ ‘ನೀನು ಚಿಕ್ಕವನು’ ಎಂದು ಹಿಂದೆ ಉಳಿಸಲ್ಪಡುವ ಹುಡುಗ. ತಾನೂ ಗಂಡಸೆಂದು ತೋರಿಸಲು ಕಾರು ಕದಿಯುತ್ತಾನೆ, ಗುಂಡೇಟಿಗೆ ಬಲಿಯಾಗುತ್ತಾನೆ.

ಅನಿರೀಕ್ಷಿತವಾದದ್ದು ಬೇಕು ಎಂದವರಿಗೆ ಇದು ಸಿಗಬೇಕಿತ್ತು. ಆದರೆ ಚಿತ್ರದ ಬಗ್ಗೆ ಅತ್ಯಂತ ಖಾರವಾದ ಮಾತುಗಳು ಬರುವುದು ಈ ಸಾವಿನ ಬಗ್ಗೆಯೇ. ಕಾರಣ ಎರಡು. ಮೊದಲನೆಯದು ಲಯ. ಅಲ್ಲಿಯ ತನಕ ಚಿತ್ರ ನೋಡುಗರಿಗೆ ಕೊಟ್ಟ ಭರವಸೆ ಹಗುರಾದ ಪ್ರೇಮಕಥೆಯದು. ಅಂತಹ ಕಡೆ ಒಂದು ಹೆಣ ಬಿದ್ದರೆ ಅದರ ಭಾರ ಹೊರಲು ಆಮೇಲೆ ಸಮಯ ಬೇಕು. ಇಲ್ಲಿ ಸಮಯವಿಲ್ಲ, ಪ್ರದರ್ಶನದ ದಿನ ಬಂದೇಬಿಟ್ಟಿತು. ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ. ಸತ್ತವನು ಕಪ್ಪು ಹುಡುಗ, ಅವನ ಸಾವಿನಿಂದ ಬುದ್ಧಿ ಬಂದು ವೇದಿಕೆ ಏರುವವನು ಬಿಳಿಯ ನಾಯಕ. ದುಃಖ ಮ್ಯಾಕ್‌ನದು, ಫಲ ಟೈಲರ್‌ನದು.

ಸಾವಿಗೆ ಸಿದ್ಧತೆ ಇರಲಿಲ್ಲ ಎನ್ನುವುದು ಸರಿಯಲ್ಲ. ಸ್ಕಿನ್ನಿಯನ್ನು ಹಿಂದೆ ಬಿಟ್ಟು ಹೋಗುವ ದೃಶ್ಯಗಳು ಮೊದಲಿನಿಂದಲೂ ಇವೆ. ಎರಡನೇ ಸಲ ನೋಡಿದವರಿಗೆ ಎಳೆ ಕಾಣುತ್ತದೆ. ಬೀಜ ಬಿತ್ತಿದ್ದರು, ಕೊಯ್ಲು ಮಾಡಲು ಪುರುಸೊತ್ತು ಮಾಡಿಕೊಳ್ಳಲಿಲ್ಲ. ಗೊತ್ತಿರುವುದನ್ನೇ ಕೊಟ್ಟಾಗ ಸಣ್ಣಗೆ ಗೊಣಗಿದವರು ಗೊತ್ತಿಲ್ಲದ್ದನ್ನು ಹೀಗೆ ಕೊಟ್ಟಾಗ ನೇರವಾಗಿ ಸಿಟ್ಟಾದರು. ಬೇಕಿದ್ದದ್ದು ಅಚ್ಚರಿಯಲ್ಲ ಎನ್ನುವುದಕ್ಕೆ ಈ ಚಿತ್ರದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಕುಣಿತದ ಲೆಕ್ಕ

ನೃತ್ಯ ಕಲಿತವರ ಅಭಿಪ್ರಾಯಗಳನ್ನು ಪ್ರತ್ಯೇಕವಾಗಿ ಓದಬೇಕು. ಅವರು ಕಥೆಯನ್ನು ಬಿಟ್ಟು ಕಾಲು ನೋಡುತ್ತಾರೆ.

ಅವರ ಮೊದಲ ಪ್ರಶ್ನೆ: ತಾಲೀಮಿಲ್ಲದ ಹುಡುಗ ಇಷ್ಟು ಬೇಗ ಹೇಗೆ ಕಲಿತ? 200 ಗಂಟೆ ಎಂಬ ಶಿಕ್ಷೆಯನ್ನೇ ಅಳತೆಗೋಲು ಮಾಡಿಕೊಳ್ಳೋಣ. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ ಎಂದರೆ ಹತ್ತು ವಾರ. ಹತ್ತು ವಾರದಲ್ಲಿ ಬ್ಯಾಲೆಯ ಕಾಲು ಬರುವುದಿಲ್ಲ. ಸೊಂಟದ ಕೀಲಿನಿಂದ ಪಾದವನ್ನು ಹೊರಕ್ಕೆ ತಿರುಗಿಸಿ ನಿಲ್ಲುವುದು, ಪಾದದ ಕಮಾನನ್ನು ಬೆರಳ ತುದಿಯ ತನಕ ಚಾಚುವುದು, ಇವು ವರ್ಷಗಟ್ಟಲೆ ಕೆಲಸ. ಆದರೆ ಕೊನೆಯ ಸಂಯೋಜನೆ ಟೈಲರ್‌ನಿಂದ ಅದನ್ನು ಕೇಳುವುದೇ ಇಲ್ಲ. ಅವನಿಗೆ ಬರುವ ಹಿಪ್‌ಹಾಪ್‌ನ ಮೇಲೆ ಸಂಯೋಜನೆ ನಿಂತಿದೆ. ಬ್ಯಾಲೆಯಿಂದ ಎರವಲು ಪಡೆದದ್ದು ಮುಖ್ಯವಾಗಿ ಜೊತೆಗಾರ್ತಿಯನ್ನು ಮೇಲಕ್ಕೆ ಎತ್ತಿಹಿಡಿಯುವ ಲಿಫ್ಟ್‌ಗಳನ್ನು. ಹೊಸಬನನ್ನು ವೇದಿಕೆಗೆ ತರಬೇಕಾದ ಯಾವ ನೃತ್ಯ ಸಂಯೋಜಕರೂ ಮಾಡುವುದು ಇದನ್ನೇ: ಬಾರದ್ದನ್ನು ಮುಚ್ಚಿ, ಬರುವುದನ್ನು ಮುಂದೆ ಇಡುವುದು. ನಿರ್ದೇಶಕಿ ಆನ್ ಫ್ಲೆಚರ್‌ಗೆ ಇದು ಮೊದಲ ಚಿತ್ರ. ಅದಕ್ಕೂ ಮೊದಲು ಅವರು ನೃತ್ಯ ಸಂಯೋಜಕಿ. ಚಿತ್ರದಲ್ಲಿ ಕಸುಬು ಎದ್ದುಕಾಣುವುದು ಇಲ್ಲಿಯೇ.

ಲಿಫ್ಟ್ ಹತ್ತು ವಾರದಲ್ಲಿ ಸಾಧ್ಯವೇ? ಸಾಧ್ಯ, ಮೇಲ್ವಿಚಾರಣೆ ಇದ್ದರೆ. ನೋಡುಗರು ತೋಳಿನ ಬಲ ಎಂದುಕೊಳ್ಳುವುದು ಹೆಚ್ಚಾಗಿ ಕಾಲಿನ ಬಲ ಮತ್ತು ಸಮಯಜ್ಞಾನ. ಇಬ್ಬರೂ ಒಟ್ಟಿಗೆ ಮಂಡಿ ಮಡಿಸಬೇಕು, ಒಟ್ಟಿಗೆ ಉಸಿರೆಳೆದು ಮೇಲೇಳಬೇಕು. ಹುಡುಗಿ ತಾನೇ ಚಿಮ್ಮಿ ಅರ್ಧ ಎತ್ತರ ಕೊಡುತ್ತಾಳೆ. ಹುಡುಗ ಆ ಏರುವಿಕೆಯನ್ನು ಹಿಡಿದು ಮುಂದುವರಿಸುತ್ತಾನೆ. ಅವನು ಕ್ಷಣಾರ್ಧ ತಡಮಾಡಿದರೂ ಅವಳ ಚಿಮ್ಮುವಿಕೆ ಮುಗಿದುಹೋಗಿ ಪೂರ್ತಿ ತೂಕ ಅವನ ಮೇಲೆ ಬೀಳುತ್ತದೆ. ಆಗ ಹೊಸಬರು ಬೆನ್ನು ಬಗ್ಗಿಸಿ ಎತ್ತುತ್ತಾರೆ, ಕೆಳಬೆನ್ನು ಹಿಡಿದುಕೊಳ್ಳುತ್ತದೆ. ಸೊಂಟದ ಬಳಿ ಹಿಡಿಯುವ ಬದಲು ಪಕ್ಕೆಲುಬು ಅಮುಕಿದರೆ ಅವಳಿಗೆ ನೋವು. ಅವಳು ಹೊಟ್ಟೆಯ ಸ್ನಾಯು ಸಡಿಲಬಿಟ್ಟರೆ ಗೋಣಿಚೀಲ ಎತ್ತಿದಂತಾಗುತ್ತದೆ. ಇಬ್ಬರ ದೇಹ ದೂರವಾದಷ್ಟೂ ಭಾರ ಹೆಚ್ಚು. ಅದಕ್ಕೇ ಮೊದಲ ವಾರಗಳಲ್ಲಿ ಕೆಳಗೆ ದಪ್ಪ ಚಾಪೆ, ಪಕ್ಕದಲ್ಲಿ ಇಬ್ಬರು ಹಿಡಿಯುವವರು ಇರಬೇಕು. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬಂದದ್ದರಿಂದ ಲಿಫ್ಟ್ ಬಂತು ಎಂಬ ಚಿತ್ರದ ನಂಬಿಕೆ ಪೂರ್ತಿ ಸುಳ್ಳಲ್ಲ. ಹೆದರಿದ ಹುಡುಗಿ ಅರ್ಧಕ್ಕೇ ಚಿಮ್ಮುತ್ತಾಳೆ. ಆದರೆ ನಂಬಿಕೆಗಿಂತ ಮೊದಲು ಎಣಿಕೆ.

ಇನ್ನು ಉಳುಕಿದ ಕಾಲು. ನೋರಾಳ ಜೊತೆಗಾರ ಆಂಡ್ರ್ಯೂ ಗಾಯಗೊಳ್ಳುತ್ತಾನೆ, ಟೈಲರ್ ಒಳಬರುತ್ತಾನೆ. ಆಂಡ್ರ್ಯೂ ಮರಳುತ್ತಾನೆ, ಟೈಲರ್ ಮುನಿಸಿಕೊಂಡು ಹೋಗುತ್ತಾನೆ. ಆಂಡ್ರ್ಯೂ ಮತ್ತೆ ಬೀಳುತ್ತಾನೆ. ‘ಕಥೆಗಾರರಿಗೆ ಬೇಕಾದಾಗಲೆಲ್ಲ ಉಳುಕುವ ಕಾಲು’ ಎಂಬ ಗೇಲಿ ಇದರ ಬಗ್ಗೆ ಸಾಮಾನ್ಯ. ವಿಚಿತ್ರವೆಂದರೆ ಇಡೀ ಚಿತ್ರದಲ್ಲಿ ವೈದ್ಯಕೀಯವಾಗಿ ಅತ್ಯಂತ ನಂಬಲರ್ಹವಾದದ್ದು ಇದೇ. ಒಮ್ಮೆ ಉಳುಕಿದ ಪಾದದ ಗಂಟು ಮತ್ತೆ ಉಳುಕುವ ಸಂಭವ ಹೆಚ್ಚು. ಸೌಮ್ಯ ಉಳುಕು ಒಂದರಿಂದ ಮೂರು ವಾರದಲ್ಲಿ ಸರಿಹೋದೀತು. ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜು ಭಾಗಶಃ ಹರಿದಿದ್ದರೆ ಮೂರರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ನೋವು ಮೊದಲು ಹೋಗುತ್ತದೆ, ಸಮತೋಲನ ಆಮೇಲೆ ಬರುತ್ತದೆ. ಈ ನಡುವಿನ ಅವಧಿಯಲ್ಲೇ ನರ್ತಕರು ಮರಳಿ ಬಂದು ಬೀಳುವುದು. ಒಂಟಿಕಾಲಲ್ಲಿ 20–25 ಸಲ ಹಿಮ್ಮಡಿ ಎತ್ತಿ ಇಳಿಸಲು, ಅದೇ ಕಾಲಲ್ಲಿ ಕುಪ್ಪಳಿಸಲು ನೋವಿಲ್ಲದೆ ಆಗುವ ತನಕ ಇನ್ನೊಬ್ಬರ ತೂಕ ಹೊರುವ ಮಾತೇ ಇಲ್ಲ. ಪ್ರದರ್ಶನದ ದಿನ ಹತ್ತಿರವಾಯಿತೆಂದು ಅವಸರ ಮಾಡಿದ ಆಂಡ್ರ್ಯೂಗೆ ಆದದ್ದು ಆಗಬೇಕಾದದ್ದೇ. ದೃಶ್ಯ ಕೃತಕವೆನಿಸುವುದು ಘಟನೆಯಿಂದಲ್ಲ. ಚಿತ್ರ ಅವನ ಚೇತರಿಕೆಯನ್ನು ತೋರಿಸದೆ ಊರುಗೋಲಿನಿಂದ ನೇರ ತಾಲೀಮಿಗೆ ತಂದು ನಿಲ್ಲಿಸುವುದರಿಂದ.

ಕ್ಲಬ್ಬಿನಲ್ಲಿ ಎಲ್ಲರೂ ಏಕಾಏಕಿ ಒಂದೇ ಹೆಜ್ಜೆ ಹಾಕುವ ದೃಶ್ಯದ ಬಗ್ಗೆ ‘ಇವರಿಗೆಲ್ಲ ಯಾರು ಕಲಿಸಿದರು?’ ಎಂದು ಕೇಳುತ್ತಾರೆ. ನಮ್ಮ ಸಿನಿಮಾ ನೋಡಿ ಬೆಳೆದವರು ಆ ಪ್ರಶ್ನೆ ಕೇಳುವುದಿಲ್ಲ.

ಜೋಡಿ

ಹೊಗಳಿಕೆಯ ದೊಡ್ಡ ಪಾಲು ಟೈಲರ್ ಪಾತ್ರದ ಚಾನಿಂಗ್ ಟೇಟಮ್ ಮತ್ತು ನೋರಾ ಪಾತ್ರದ ಜೆನ್ನಾ ಡೂವನ್ ಅವರಿಗೆ. ಇಬ್ಬರಿಗೂ ನಿಜಕ್ಕೂ ಕುಣಿಯಲು ಬರುತ್ತದೆ. ಡೂವನ್ ಗಾಯಕಿ ಜಾನೆಟ್ ಜಾಕ್ಸನ್ ತಂಡದಲ್ಲಿ ನರ್ತಕಿಯಾಗಿದ್ದವರು. ಟೇಟಮ್‌ಗೆ ಶಾಸ್ತ್ರೀಯ ತರಬೇತಿ ಇರಲಿಲ್ಲ. ಪಾತ್ರಗಳ ನಡುವಿನ ಅಂತರವೇ ನಟರ ನಡುವೆಯೂ ಇತ್ತು. 1983ರ ‘ಫ್ಲ್ಯಾಶ್‌ಡ್ಯಾನ್ಸ್’ನಲ್ಲಿ ನಾಯಕಿಯ ಕುಣಿತಕ್ಕೆ ಬೇರೆ ನರ್ತಕಿಯನ್ನು ಬಳಸಿದ್ದರು. ಅಂತಹ ಕಡೆ ಕ್ಯಾಮೆರಾ ಮುಖವನ್ನೂ ಕಾಲನ್ನೂ ಒಟ್ಟಿಗೆ ಹಿಡಿಯಲು ಹೆದರುತ್ತದೆ. ಇಲ್ಲಿ ಇಬ್ಬರ ಇಡೀ ಮೈ ಒಂದೇ ಚೌಕಟ್ಟಿನಲ್ಲಿ ಕಾಣುತ್ತದೆ. ‘ಇವರಿಬ್ಬರ ನಡುವೆ ಏನೋ ಇದೆ’ ಎಂದು ನೋಡುಗರಿಗೆ ಅನ್ನಿಸುವುದರಲ್ಲಿ ಈ ಚೌಕಟ್ಟಿನ ಪಾಲೂ ಇದೆ.

ಓದುವಾಗ ಒಂದು ಎಚ್ಚರಿಕೆ. ಇಬ್ಬರೂ 2009ರಲ್ಲಿ ಮದುವೆಯಾದರು, ಬೇರೆಯಾಗುವುದಾಗಿ 2018ರಲ್ಲಿ ಹೇಳಿದರು. ಹಾಗಾಗಿ ಅಭಿಪ್ರಾಯ ಬರೆದ ದಿನಾಂಕ ನೋಡದೆ ತೂಕ ಹಾಕಬಾರದು. 2009ಕ್ಕೆ ಮೊದಲಿನವು ತೆರೆಯ ಮೇಲೆ ಕಂಡದ್ದನ್ನು ಹೇಳುತ್ತವೆ. ಆಮೇಲಿನವುಗಳಲ್ಲಿ ಮದುವೆಯ ಫೋಟೋ ಬೆರೆತಿದೆ, 2018ರ ನಂತರದವುಗಳಲ್ಲಿ ಒಂದು ನಿಟ್ಟುಸಿರು. 2012ರ ನಂತರ ಟೇಟಮ್ ದೊಡ್ಡ ತಾರೆಯಾದ ಮೇಲೆ ಇದನ್ನು ಹುಡುಕಿಕೊಂಡು ಬಂದವರು ಇನ್ನೊಂದು ಗುಂಪು.

ಕಥೆಯನ್ನು ಸವರಿ ಹಾಕಿದ ಮೇಲೆ

ನಿರ್ಮಾಪಕರು ನೋಡುಗರ ಮಾತು ಕೇಳಿದರು. ಕಥೆ ಗೊತ್ತಿದ್ದದ್ದು, ಕುಣಿತ ಚೆನ್ನಾಗಿದೆ ಎಂದರಲ್ಲವೇ? ಸರಿ, ಕುಣಿತ ಹೆಚ್ಚಿಸೋಣ. 2008ರ ಎರಡನೆಯ ಚಿತ್ರವನ್ನು ಜಾನ್ ಎಂ. ಚು ನಿರ್ದೇಶಿಸಿದರು, 2010ರಲ್ಲಿ ಮೂರನೆಯದು ತ್ರೀಡಿಯಲ್ಲಿ ಬಂತು, 2012 ಮತ್ತು 2014ರಲ್ಲಿ ಮತ್ತೆರಡು. ಪ್ರೇಮಕಥೆ ತೆಳುವಾಗುತ್ತ ಹೋಯಿತು, ತಂಡಗಳ ಪೈಪೋಟಿ ಮುಂದೆ ಬಂತು.

ಅಮೆರಿಕದ ಗಳಿಕೆಯನ್ನು ಸಾಲಾಗಿ ಇಟ್ಟರೆ, ಕೋಟಿ ಡಾಲರ್‌ಗಳಲ್ಲಿ ಸುಮಾರು 6.5, 5.8, 4.2, 3.5, 1.5. ಒಮ್ಮೆಯೂ ಮೇಲೇಳಲಿಲ್ಲ. ಜಗತ್ತಿನ ಒಟ್ಟು ಗಳಿಕೆ ಮಾತ್ರ 11ರಿಂದ 15ಕ್ಕೆ, ಮೂರನೆಯದರಲ್ಲಿ 16ರ ಹತ್ತಿರಕ್ಕೆ ಏರಿ, ಆಮೇಲೆ 14, ಕೊನೆಗೆ 8.6ಕ್ಕೆ ಇಳಿಯಿತು. ಇಂಗ್ಲಿಷ್ ಸಂಭಾಷಣೆ ಬೇಡದ ದೇಶಗಳಲ್ಲಿ ಕುಣಿತಕ್ಕೆ ಅನುವಾದ ಬೇಕಿರಲಿಲ್ಲ. ತವರಿನಲ್ಲಿ ಜನ ಕಮ್ಮಿಯಾದರು. ಆ ಹೊತ್ತಿಗೆ ಟಿವಿಯ ನೃತ್ಯ ಸ್ಪರ್ಧೆಗಳು, ಯೂಟ್ಯೂಬಿನ ಕುಣಿತಗಳು ಪುಕ್ಕಟೆಯಾಗಿ ಸಿಗತೊಡಗಿದ್ದವು. ಬರೀ ಕುಣಿತ ನೋಡಲು ಟಿಕೆಟ್ ಯಾಕೆ?

ಈಗ ಐದೂ ಚಿತ್ರ ನೋಡಿದವರ ಅಭಿಪ್ರಾಯಗಳಿಗೆ ಬಂದರೆ ಮತ್ತೆ ಮತ್ತೆ ಸಿಗುವ ಮಾತು: ಕುಣಿತಕ್ಕೆ ಎರಡನೆಯದೋ ಮೂರನೆಯದೋ, ಕಥೆಗೆ ಮೊದಲನೆಯದು. ಯಾವ ಕಥೆ? ಆ ಗೊತ್ತಿದ್ದ ಕಥೆಯೇ. ಕೊನೆಯ ಕುಣಿತಕ್ಕೆ ಏನೋ ಪಣವಿತ್ತು: ನೋರಾಳಿಗೆ ಅಂದು ಕೆಲಸ ಸಿಗದಿದ್ದರೆ ತಾಯಿ ಹೇಳಿದಂತೆ ಕಾಲೇಜು, ಟೈಲರ್‌ಗೆ ಮರಳಿ ಬೀದಿ. ಆ ಪಣ ತೆಗೆದ ಮೇಲೆ ಕುಣಿತ ಎಷ್ಟೇ ಚೆನ್ನಾಗಿದ್ದರೂ ಹಾಡಿನಿಂದ ಹಾಡಿಗೆ ಹಾರಿಸಿ ನೋಡುವಂತಾಯಿತು. ಭಾರತದಲ್ಲಿ 2013ರ ಫೆಬ್ರವರಿಯಲ್ಲಿ ಬಂದ ‘ಎಬಿಸಿಡಿ’ ಇದೇ ಬಗೆಯ ಪೈಪೋಟಿಯ ನೃತ್ಯ ಚಿತ್ರ, ಅದೂ ತ್ರೀಡಿಯಲ್ಲಿ. ನಿರ್ದೇಶಿಸಿದ ರೆಮೊ ಡಿಸೋಜ ಬೆಂಗಳೂರಿನಲ್ಲಿ ಹುಟ್ಟಿದವರು, ಗುರುವಿನ ಪಾತ್ರ ಮಾಡಿದ ಪ್ರಭುದೇವ ಮೈಸೂರಿನಲ್ಲಿ. ಅದರ ಬಗ್ಗೆಯೂ ನೋಡುಗರ ಮಾತು ಹೆಚ್ಚುಕಡಿಮೆ ಇದೇ ಅಚ್ಚಿನದು: ಕಥೆ ಹಳತು, ಕುಣಿತ ನೋಡಿ.

ನೀವೇ ಪರೀಕ್ಷಿಸಲು

ಇಂತಹ ಚಿತ್ರದ ಬಗ್ಗೆ ಬರೆಯುವವರಿಗೆ ಒಂದು ಸರಳ ಪ್ರಯೋಗ ಉಪಯೋಗಕ್ಕೆ ಬರುತ್ತದೆ. ಇಪ್ಪತ್ತನೇ ನಿಮಿಷಕ್ಕೆ ಚಿತ್ರ ನಿಲ್ಲಿಸಿ, ಮುಂದೆ ಏನಾಗುತ್ತದೆಂದು ಹತ್ತು ಊಹೆ ಬರೆದಿಡಿ. ಪ್ರತಿ ಊಹೆಯ ಮುಂದೆ ಅದು ಕೊನೆಯ ಬಗ್ಗೆಯೋ, ದಾರಿಯ ಬಗ್ಗೆಯೋ, ಮಾತಿನ ಬಗ್ಗೆಯೋ ಎಂದು ಗುರುತು ಹಾಕಿ. ಚಿತ್ರ ಮುಗಿದ ಮೇಲೆ ನಿಜವಾದ ಊಹೆಗಳ ಮುಂದೆ ಇನ್ನೊಂದು ಗುರುತು: ಅದು ನಿಜವಾದ ಕ್ಷಣದಲ್ಲಿ ಬೇಸರವಾಯಿತೋ, ಖುಷಿಯಾಯಿತೋ? ಮರುದಿನ ಬರೆದರೆ ನೆನಪು ಎಲ್ಲವನ್ನೂ ‘ಗೊತ್ತಿತ್ತು’ ಮಾಡಿಬಿಡುತ್ತದೆ, ಅಂದೇ ಬರೆಯಬೇಕು.

‘ಸ್ಟೆಪ್ ಅಪ್’ಗೆ ಇದನ್ನು ಹಾಕಿ ನೋಡಿದರೆ, ಬ್ರೆಟ್ ಕೈಕೊಡುತ್ತಾನೆ ಎಂಬ ಊಹೆ ನಿಜವಾದಾಗ ಬೇಸರದ ಗುರುತು ಬೀಳುವುದು ಹೆಚ್ಚುಕಡಿಮೆ ಖಚಿತ. ಸಾಕುಮನೆಯ ಹುಡುಗ ಕೊನೇ ಗಳಿಗೆಯಲ್ಲಿ ತೆರೆಯ ಹಿಂದೆ ಬಂದು ನಿಲ್ಲುತ್ತಾನೆ ಎಂಬುದೂ ಎಲ್ಲರ ಪಟ್ಟಿಯಲ್ಲಿರುತ್ತದೆ. ಅವನು ಬಾರದಿದ್ದರೆ ದುಡ್ಡು ವಾಪಸ್ ಕೇಳುವವರೂ ಅವರೇ.